ಲುಕ್ಸಾನು, ಹಾನಿ, ನಷ್ಟ, ಕೇಡು: ಯಾವುದು ಎಲ್ಲಿ?

ಸಿಂಧನೂರು ಟೈಪಿಂಗ್:
ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಪಹಣಿ ತೆಗೆದುಕೊಡೋದು, ಅರ್ಜಿ ಟೈಪ್ ಮಾಡೋದು, ಜೆರಾಕ್ಸ್, ಇದೇ ಕೆಲಸ. ಮಳೆ ಜಾಸ್ತಿಯಾದ ವರ್ಷ ಬೆಳೆ ಪರಿಹಾರದ ಅರ್ಜಿಗಳೇ ಹೆಚ್ಚು. ಬಂದವರು ಹೇಳೋದು ಒಂದೇ ಮಾತು, "ಭಾಳ ಲುಕ್ಸಾನ ಆಗೈತ್ರಿ, ಬರೀರಿ." ನಾನು "ಬೆಳೆ ಹಾನಿಯಾಗಿರುತ್ತದೆ" ಅಂತ ಬರೆಯುತ್ತೇನೆ. ಮೊನ್ನೆ ಹತ್ತಿ ಬೆಳೆದ ಹಿರಿಯರೊಬ್ಬರು ಅರ್ಜಿ ಓದಿಸಿಕೊಂಡು ಬೇಡ ಅಂದುಬಿಟ್ಟರು. "ಹಾನಿ ಅಂದ್ರ ಎಲ್ಲಾ ಹೋದಂಗ ಆತಲ್ಲೋ. ನಂದು ಎಲ್ಲಾ ಹೋಗಿಲ್ಲ, ಲುಕ್ಸಾನ ಆಗೈತಿ" ಅಂತ. ಕಚೇರಿಯಲ್ಲಿ ಲುಕ್ಸಾನು ಅಂತ ಬರೆದರೆ ಕನ್ನಡದಲ್ಲಿ ಬರೆಯಿರಿ ಅಂತಾರೆ. ನಡುವೆ ಸಿಕ್ಕಿಕೊಂಡವನು ನಾನು.

ಪ್ರಶ್ನೆ ಇಷ್ಟೇ. ಲುಕ್ಸಾನು, ಹಾನಿ, ನಷ್ಟ ಮೂರೂ ಒಂದೇನಾ? ಒಂದೇ ಆಗಿದ್ದರೆ ಆ ಹಿರಿಯರಿಗೆ ಯಾಕೆ ಬೇರೆ ಅನ್ನಿಸಿತು? ದಯವಿಟ್ಟು ನಿಘಂಟಿನ ಫೋಟೋ ಹಾಕಬೇಡಿ. ಅಲ್ಲಿ ಒಂದರ ಎದುರು ಇನ್ನೊಂದನ್ನೇ ಬರೆದಿದ್ದಾರೆ.

ಮೈಸೂರಿನವ:
ಮೂರೂ ಒಂದೇ. ಲುಕ್ಸಾನು ಉರ್ದು ಪದ. ಶುದ್ಧ ಕನ್ನಡದಲ್ಲಿ ಹಾನಿ ಅಂತ ಬರೆಯಿರಿ, ಮುಗೀತು.

ಎರೆಹೊಲ ಲಿಂಗಸುಗೂರು:
ಹಾನಿ ಯಾವಾಗಿನಿಂದ ಶುದ್ಧ ಕನ್ನಡ ಆಯ್ತು ಸರ್? ಅದು ಸಂಸ್ಕೃತ. ನಷ್ಟವೂ ಸಂಸ್ಕೃತ. ಲುಕ್ಸಾನು ಮೂಲದಲ್ಲಿ ಅರಬ್ಬಿಯ ನುಕ್ಸಾನ್, ಫಾರ್ಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂದಿದೆ. ಮೊದಲು ಬಂದವನು ಮನೆ ಮಾಲೀಕ, ಆಮೇಲೆ ಬಂದವನು ಬಾಡಿಗೆಯವನು ಅನ್ನೋ ಲೆಕ್ಕ ಮಾತಿನಲ್ಲಿ ನಡೆಯಲ್ಲ. ರಾಯಚೂರು, ಕೊಪ್ಪಳ 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೋರ್ಟು, ಕಂದಾಯ ಎಲ್ಲ ಉರ್ದುವಿನಲ್ಲೇ ನಡೆದವು. ಅದಕ್ಕೇ ನಮ್ಮ ಬಾಯಲ್ಲಿ ಲುಕ್ಸಾನು ಉಳಿದಿದೆ.

ಬಳ್ಳಾರಿ ಬಿಸಿಲು:
ಪೂರ್ತಿ ನಿಜಾಮರ ಲೆಕ್ಕಕ್ಕೆ ಹಾಕಬೇಡಿ. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಂದ 1953ರಲ್ಲಿ ಮೈಸೂರಿಗೆ ಸೇರೋ ತನಕ ನಾವು ಮದ್ರಾಸ್ ಕಡೆಯವರು. ಆದ್ರೂ ನಮ್ಮ ಅಂಗಡಿ ಬೀದಿಯಲ್ಲಿ ಲಾಭ-ಲುಕ್ಸಾನು ಅಂತಲೇ ಅನ್ನೋದು, ತೆಲುಗು ಮಾತಾಡೋ ಮನೆಗಳಲ್ಲಿ ನಷ್ಟಂ ಅಂತಾರೆ. ಇಂಥ ಮಾತು ಬಹಮನಿ, ಆದಿಲ್‌ಶಾಹಿ, ಹೈದರ್-ಟಿಪ್ಪು ಕಾಲದಿಂದ ಎಲ್ಲ ಕಡೆ ಹರಡಿದೆ. ಜಮೀನು, ಫಸಲು ಅದೇ ದಾರಿಯಲ್ಲಿ ಬಂದವು. ಅಷ್ಟೇ ಯಾಕೆ, ರೈತ ಅನ್ನೋ ಪದವೂ ಅದೇ ದಾರಿ. ಅದನ್ನ ತೆಗೆದು ಏನು ಬರೆಯುತ್ತೀರಿ?

ನುಕ್ಸಾನು ಲುಕ್ಸಾನು ಆದದ್ದು ನಮ್ಮ ನಾಲಿಗೆಯ ಕೆಲಸ. ನಂಬರ್ ಲಂಬರ್ ಆಯ್ತು, ನೋಟೀಸು ಲೋಟೀಸು ಆಯ್ತು. ಕೊಂಕಣಿಯವರೂ ಲುಕ್ಸಾಣ್ ಅಂತಾರೆ.

ಮೈಸೂರಿನವ:
ನಮ್ಮಲ್ಲೂ ಲುಕ್ಸಾನು ಅಂತಾರೆ, ಇಲ್ಲ ಅನ್ನಲ್ಲ. ಬರೆಯೋದಿಲ್ಲ ಅಷ್ಟೆ.

ಸಿರುಗುಪ್ಪ ಮೆಣಸಿನಕಾಯಿ:
ಎಲ್ಲಿಂದ ಬಂತು ಅನ್ನೋದು ಇರಲಿ. ಆ ತಮ್ಮ ಕೇಳಿದ್ದು ಬೇರೆ. ನಾವು ಮೆಣಸಿನಕಾಯಿ ಹಾಕುವವರು, ನಮಗೆ ಹಾನಿಯೇ ಬೇರೆ, ನಷ್ಟವೇ ಬೇರೆ.

ಮುಟುರು ರೋಗ ಬಂದು ಎಲೆ ಮೇಲಕ್ಕೆ ಮಡಚಿಕೊಂಡು, ಗಿಡ ಕುಳ್ಳಗಾಗಿ, ಹೂವು ಉದುರಿತು ಅನ್ನಿ. ಅದು ಹಾನಿ. ಹೊಲಕ್ಕೆ ಹೋದರೆ ಕಾಣುತ್ತದೆ, ಫೋಟೋ ಹೊಡೆಯಬಹುದು. ಇನ್ನೊಂದು ವರ್ಷ ರೋಗ ಇಲ್ಲ, ಬೆಳೆ ಚೆನ್ನಾಗಿ ಬಂತು, ಕೂಲಿ ಕೊಟ್ಟು ಬಿಡಿಸಿದ್ದಾಯ್ತು, ಕಣದಲ್ಲಿ ಹರಡಿ ಒಣಗಿಸಿ ಚೀಲ ತುಂಬಿ ಬ್ಯಾಡಗಿ ಮಾರುಕಟ್ಟೆಗೆ ಕಳಿಸಿದ್ದಾಯ್ತು, ಅಲ್ಲಿ ದರ ಬಿತ್ತು. ಈಗ ಹಾನಿ ಎಲ್ಲಿದೆ ತೋರಿಸಿ ನೋಡೋಣ. ಒಂದು ಎಲೆಗೂ ಹಾನಿ ಇಲ್ಲ, ಒಂದು ಕಾಯಿಗೂ ಇಲ್ಲ. ಆದ್ರೆ ಕೂಲಿ, ಗೊಬ್ಬರ, ಔಷಧಿ, ಲಾರಿ ಬಾಡಿಗೆ ಕಳೆದು ನೋಡಿದರೆ ಕೈಯಿಂದ ಹೋಗಿದೆ. ಇದು ನಷ್ಟ.

ಉಲ್ಟಾನೂ ಆಗುತ್ತೆ. 2021ರ ಕೊನೆಗೆ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಕೀಟ ಬಂತಲ್ಲ, ಆಂಧ್ರ, ತೆಲಂಗಾಣ, ನಮ್ಮ ಕಡೆ ಎಲ್ಲ ಹೂವಿನಲ್ಲೇ ಕೂತು ತಿಂದು ಹಾಕಿತು. ಎಲ್ಲ ಕಡೆ ಇಳುವರಿ ಬಿದ್ದದ್ದಕ್ಕೆ ದರ ಏರಿತು. ಅರ್ಧ ಬೆಳೆ ಉಳಿಸಿಕೊಂಡವರಿಗೆ ಹಾನಿ ಆಗಿತ್ತು, ನಷ್ಟ ಅಂಥಾದ್ದೇನೂ ಆಗಲಿಲ್ಲ. ಪೂರ್ತಿ ಕಳಕೊಂಡವರಿಗೆ ಎರಡೂ.

2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದು ಗಲಾಟೆ ಆಗಿದ್ದು ನೆನಪಿದೆಯಲ್ವಾ? ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ರೈತರಿಗೆ ಆದದ್ದು ನಷ್ಟ. ಕಚೇರಿಗೆ ಆದದ್ದು ಹಾನಿ. ಎರಡನ್ನೂ ಅದಲು ಬದಲು ಮಾಡಿ ಹೇಳಿ ನೋಡಿ, ಬಾಯಿಗೆ ಬರಲ್ಲ.

ಸಿಂಧನೂರು ಟೈಪಿಂಗ್:
ಅಕ್ಕಾ, ಇದು ಚೆನ್ನಾಗಿ ತಲೆಗೆ ಹೋಯ್ತು. ಹಾಗಾದ್ರೆ ಲುಕ್ಸಾನು?

ಸಿರುಗುಪ್ಪ ಮೆಣಸಿನಕಾಯಿ:
ಅದು ಎರಡಕ್ಕೂ ಬರುತ್ತೆ ತಮ್ಮಾ. ಮುಟುರು ಬಂದರೂ ಲುಕ್ಸಾನು, ದರ ಬಿದ್ದರೂ ಲುಕ್ಸಾನು. ಮದುವೆಗೆ ಅಂತ ತಂದ ಸೀರೆಗೆ ಇಲಿ ತೂತು ಹಾಕಿದರೂ ಲುಕ್ಸಾನೇ. ಹೊಲಕ್ಕೆ ಆದದ್ದನ್ನೂ ಕಿಸೆಗೆ ಆದದ್ದನ್ನೂ ಒಂದೇ ಉಸಿರಿಗೆ ಹೇಳೋ ಪದ ಅದು. ಆ ಹಿರಿಯರಿಗೆ ಹಾನಿ ಅನ್ನೋದು ಭಾರ ಅನ್ನಿಸಿರಬೇಕು. ಟಿವಿಯಲ್ಲಿ ದಿನಾ ಪ್ರಾಣಹಾನಿ, ಪ್ರಾಣಹಾನಿ ಅಂತಾರಲ್ಲ. ಲುಕ್ಸಾನು ಅಂದ್ರೆ ಪೆಟ್ಟು ಬಿದ್ದಿದೆ, ಇನ್ನೂ ಎದ್ದು ನಿಂತಿದ್ದೀನಿ ಅಂತ.

ಕರಿಕೋಟು ಕೊಪ್ಪಳ:
ಮೇಡಂ ಅವರ ಲೆಕ್ಕ ಒಪ್ಪುವಂಥದ್ದೇ, ಒಂದು ತೊಡಕು ಇದೆ. ಮಾನಹಾನಿ ಅಂತೀವಿ, ಕೋರ್ಟಿಗೆ ಹೋದರೆ ಅದೇ ಮಾನನಷ್ಟ ಮೊಕದ್ದಮೆ ಆಗುತ್ತೆ. ಮಾನ ಕಿಸೆಯಲ್ಲಿ ಇಟ್ಟುಕೊಳ್ಳೋದಲ್ಲ, ಅಲ್ವಾ?

ಸಿರುಗುಪ್ಪ ಮೆಣಸಿನಕಾಯಿ:
ಮೊಕದ್ದಮೆ ಹಾಕಿದವರು ಕೇಳೋದು ಕೋಟಿ ರೂಪಾಯಿ ಸರ್. ಕೋರ್ಟಿಗೆ ಹೋದ ಕೂಡಲೇ ಹಾನಿ ನಷ್ಟ ಆಯ್ತು ಅಂದ್ರೆ ನನ್ನ ಲೆಕ್ಕವೇ ಸರಿ.

ಕರಿಕೋಟು ಕೊಪ್ಪಳ:
ಇದಕ್ಕೆ ನನ್ನ ಹತ್ತಿರ ವಾದ ಇಲ್ಲ!

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಉದ್ದ ಆಗುತ್ತೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ (ಐಪಿಸಿ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯದರಲ್ಲೂ ಹೊಸದರಲ್ಲೂ ಹಾನಿಯ ಅರ್ಥ ಬಹಳ ಅಗಲ. ಒಬ್ಬರ ದೇಹಕ್ಕೆ, ಮನಸ್ಸಿಗೆ, ಹೆಸರಿಗೆ, ಆಸ್ತಿಗೆ ಕಾನೂನುಬಾಹಿರವಾಗಿ ಏನೇ ಕೆಡುಕು ಮಾಡಿದರೂ ಅದರೊಳಗೆ ಬರುತ್ತೆ. ಅದರೊಳಗೆ ದೇಹಕ್ಕೆ ಆದದ್ದು ಬೇರೆ ಲೆಕ್ಕ. ಅಲ್ಲಿ ಗಾಯ, ತೀವ್ರ ಗಾಯ ಅಂತ ಎರಡು. ಠಾಣೆಯ ಕಾಗದದಲ್ಲಿ ಸಾದಾ ಗಾಯ, ಭಾರೀ ಗಾಯ ಅಂತ ಬರೆಯುತ್ತಾರೆ. ಯಾವುದು ಭಾರೀ ಅನ್ನೋದಕ್ಕೆ ಕಾನೂನೇ ಪಟ್ಟಿ ಕೊಟ್ಟಿದೆ. ಕಣ್ಣು ಹೋಗೋದು, ಕಿವಿ ಕೇಳದಾಗೋದು, ಮೂಳೆ ಮುರಿಯೋದು, ಹೀಗೆ. ಹಲ್ಲು ಮುರಿದರೂ ಭಾರೀ ಗಾಯವೇ. ಇದನ್ನ ಹೇಳಿದರೆ ನಮ್ಮ ಕಕ್ಷಿದಾರರು ನಂಬೋದೇ ಇಲ್ಲ, ತಲೆಗೆ ಹೊಲಿಗೆ ಬಿದ್ದದ್ದು ಸಾದಾ, ಹಲ್ಲು ಹೋದದ್ದು ಭಾರೀ, ಇದ್ಯಾವ ನ್ಯಾಯ ಸಾಹೇಬ್ರೇ ಅಂತಾರೆ. ಮೊದಲು 20 ದಿನ ತೀವ್ರ ನೋವಿನಲ್ಲಿ ನರಳಿದರೆ ಅಥವಾ ದಿನದ ಕೆಲಸ ಮಾಡಲಾಗದಿದ್ದರೆ ಅದನ್ನೂ ಭಾರೀ ಅಂತ ಎಣಿಸುತ್ತಿದ್ದರು. ಹೊಸ ಕಾನೂನಿನಲ್ಲಿ ಅದು 15 ದಿನ.

ಒಂದೊಂದು ಜಿಲ್ಲೆಯ ಠಾಣೆ ಕನ್ನಡ ಒಂದೊಂದು ರೀತಿ. ಚರ್ಮ ಹರಿಯದೆ ಒಳಗೆ ಪೆಟ್ಟಾದರೆ ನಮ್ಮಲ್ಲಿ ಒಳಪೆಟ್ಟು. ಬೀದರ್, ಕಲಬುರಗಿ ಕಡೆಯ ದೂರುಗಳಲ್ಲಿ ಅದು ಗುಪ್ತಗಾಯ. ಬೆಳಗಾವಿ, ಕಾರವಾರದ ಕಡೆ ಗಾಯಕ್ಕೆ ದುಖಾಪತ ಅಂತ ಬರೆಯುತ್ತಾರೆ, ಅದು ಮರಾಠಿಯದು.

ಇನ್ನು ಲುಕ್ಸಾನು. ಅದು ಬಾಯಿಮಾತು, ಬರವಣಿಗೆಗೆ ಬರಲ್ಲ ಅನ್ನೋರು ಒಂದು ಸಲ ನಮ್ಮ ಕಡೆ ಬಣವಿ ಸುಟ್ಟ ಪಂಚನಾಮೆ ಓದಬೇಕು. "ಮೇವಿನ ಬಣವಿ ಸುಟ್ಟು ಅಂದಾಜು ಇಷ್ಟು ರೂಪಾಯಿ ಲುಕ್ಸಾನು ಆಗಿರುತ್ತದೆ" ಅಂತ ಬರೆದಿರುತ್ತಾರೆ. ಆ ಅಂಕಿ ಸುಮ್ನೆ ಬರೆಯೋದಲ್ಲ. ಬೇಕಂತಲೇ ಯಾರೋ ಬೆಂಕಿ ಇಟ್ಟಿದ್ದರೆ ಆಗ ಎಷ್ಟು ರೂಪಾಯಿ ಹೋಯ್ತು ಅನ್ನೋದು ಮುಖ್ಯ ಆಗುತ್ತೆ. ಬೇರೆಯವರ ಆಸ್ತಿ ಹಾಳು ಮಾಡೋ ಅಪರಾಧಕ್ಕೆ ಹೊಸ ಕಾನೂನಿನ 324ನೇ ಕಲಂ ಇದೆ. 20 ಸಾವಿರದಿಂದ 1 ಲಕ್ಷದ ಒಳಗಿನ ಹಾನಿಗೆ 2 ವರ್ಷದ ತನಕ, 1 ಲಕ್ಷ ಮತ್ತು ಮೇಲ್ಪಟ್ಟರೆ 5 ವರ್ಷದ ತನಕ ಜೈಲು ಆಗಬಹುದು. ಹಳೆ ಐಪಿಸಿಯಲ್ಲಿ 50 ರೂಪಾಯಿಯೇ ಗಡಿ ಆಗಿತ್ತು, 1860ರ ಕಾಲದ 50 ರೂಪಾಯಿ ನೋಡಿ. ಬೆಂಕಿ ಇಟ್ಟದ್ದಕ್ಕೆ ಇದರ ಮೇಲೆ ಬೇರೆ, ಇನ್ನೂ ಗಟ್ಟಿ ಕಲಂ ಇದೆ.

ಎರೆಹೊಲ ಲಿಂಗಸುಗೂರು:
ಬಣವಿಗೆ ಬೆಂಕಿ ಅನ್ನೋದು ನಮ್ಮಲ್ಲಿ ಬೇಸಿಗೆ ಬಂದರೆ ದಿನದ ಸುದ್ದಿ. ಅದಕ್ಕೆ ಮಾತ್ರ ಯಾರೂ ಹಾನಿ ಅನ್ನಲ್ಲ. ಹಾನಿ ಅನ್ನೋಕೆ ಏನಾದ್ರೂ ಉಳಿದಿರಬೇಕು. ಬಣವಿಯಲ್ಲಿ ಉಳಿಯೋದು ಬೂದಿ.

ಕುಷ್ಟಗಿ ಮೇಷ್ಟ್ರು (ನಿವೃತ್ತ):
ಎಲ್ಲರೂ ಹೊರಗಿನ ಪದಗಳ ಮೇಲೇ ಜಗಳ ಆಡ್ತಾ ಇದ್ದೀರಿ. ಮನೆಯಲ್ಲೇ ಇರೋ ಕೇಡು ಯಾರಿಗೂ ನೆನಪಾಗಲಿಲ್ಲ.

ಕೆಡು ಅನ್ನೋ ಕ್ರಿಯಾಪದದ ಮೊದಲ ಸ್ವರ ಉದ್ದ ಮಾಡಿದರೆ ಕೇಡು. ಬಿಡು-ಬೀಡು, ಪಡು-ಪಾಡು ಆದ ಹಾಗೆ. ತಮಿಳಿನಲ್ಲೂ ಇದೇ ಜೋಡಿ ಇದೆ. ತೆಲುಗಿನವರು ಚೆಡು, ಚೇಟು ಅಂತಾರೆ, ಬಳ್ಳಾರಿಯವರಿಗೆ ಗೊತ್ತಿರುತ್ತೆ. ಸೋದರ ಭಾಷೆಗಳಲ್ಲೆಲ್ಲ ಇರೋ ಹಳೇ ಪದ. ಎಷ್ಟು ಮರಿ ಹಾಕಿದೆ ನೋಡಿ. ಕಿಡಿಗೇಡಿ, ಮತಿಗೇಡಿ, ನಾಚಿಕೆಗೇಡು, ಮರ್ಯಾದೆಗೇಡು, ಹೊಣೆಗೇಡಿ. ಅತಿ ಆಸೆ ಗತಿ ಕೇಡು. ಹಾನಿಗೆ ಇಂಥ ಸಂತಾನ ಇಲ್ಲ. ಹಾನಿಗೇಡಿ ಅಂತ ಯಾರಾದ್ರೂ ಬೈದದ್ದು ಕೇಳಿದ್ದೀರಾ?

ಆದರೆ ಬೆಳೆ ಪರಿಹಾರದ ಅರ್ಜಿಯಲ್ಲಿ ಕೇಡು ಬರೆಯೋಕಾಗಲ್ಲ. ಅದಕ್ಕೆ ಕಾರಣ ಶುದ್ಧ-ಅಶುದ್ಧ ಅಲ್ಲ. ಕೇಡಿನಲ್ಲಿ ಒಬ್ಬ ಮನುಷ್ಯ ಇರಬೇಕು. ಮಳೆ ಹಾನಿ ಮಾಡುತ್ತೆ, ಕೇಡು ಬಗೆಯಲ್ಲ. ಕೇಡು ಬಗೆಯೋದು ದಾಯಾದಿ, ಪಕ್ಕದ ಹೊಲದವನು, ರಾತ್ರಿ ಕಾಲುವೆ ತೂಬು ತಿರುಗಿಸಿದವನು. ಇಲ್ಲಾಂದ್ರೆ ನಮ್ಮ ಬುದ್ಧಿಯೇ ನಮಗೆ ಕೇಡಾಗುತ್ತೆ. ಹಾಲು ಕೆಡುತ್ತೆ, ಹಸು ಕೆಚ್ಚಲು ಬಾವು ಬಂದು ಕೆಡುತ್ತೆ, ಅಲ್ಲೆಲ್ಲ ಕೆಡು ಸಲೀಸು. ನಾಮಪದ ಆಗಿ ಕೇಡು ಅಂದ ಕೂಡಲೇ ಯಾರು ಮಾಡಿದರು ಅನ್ನೋ ಪ್ರಶ್ನೆ ಏಳುತ್ತೆ.

ಪದದ ಅರ್ಥ ತಿಳಿಯೋಕೆ ಅದರ ಹಿಂದೆ ಬರೋ ಕ್ರಿಯೆ ನೋಡಬೇಕು ಅಂತ ನಾನು ಮಕ್ಕಳಿಗೆ ಹೇಳ್ತಿದ್ದೆ. ಕೇಡನ್ನು ಬಗೆಯುತ್ತಾರೆ, ಹಾನಿಯನ್ನು ಉಂಟುಮಾಡುತ್ತಾರೆ, ನಷ್ಟವನ್ನು ತುಂಬಿಕೊಡುತ್ತಾರೆ. ಹಾನಿ ತುಂಬಿಕೊಡು ಅಂತ ಯಾರೂ ಅನ್ನಲ್ಲ. ಲುಕ್ಸಾನು ಮಾಡುತ್ತಾರೆ, ಲುಕ್ಸಾನು ತುಂಬಿಕೊಡುತ್ತಾರೆ. ಸಿರುಗುಪ್ಪದ ಅಕ್ಕಾವರು ಎರಡಕ್ಕೂ ಬರುತ್ತೆ ಅಂದದ್ದು ಇಲ್ಲೂ ನಿಲ್ಲುತ್ತೆ.

ಮೈಸೂರಿನವ:
ಮೇಷ್ಟ್ರೇ, ಹಾಗಾದ್ರೆ ಹಾಳು?

ಕುಷ್ಟಗಿ ಮೇಷ್ಟ್ರು (ನಿವೃತ್ತ):
ಹಾಳು ಕೊನೆಯ ಹಂತ. ಹಾನಿ ಆದದ್ದನ್ನು ರಿಪೇರಿ ಮಾಡಬಹುದು, ಹಾಳಾದದ್ದನ್ನು ಬಿಟ್ಟು ಬರಬೇಕು. ಹಾಳು ಬಾವಿ, ಹಾಳು ಮನೆ, ಹಾಳು ಹಂಪಿ. ಮನುಷ್ಯರೇ ಇಲ್ಲದ್ದು ಅನ್ನೋದು ಆ ಪದದೊಳಗೆ ಇದೆ.

ಬಳ್ಳಾರಿ ಬಿಸಿಲು:
ಹಂಪಿ ಅಂದಾಗ ನೆನಪಾಯ್ತು. 2019ರಲ್ಲಿ ಹಂಪಿಯಲ್ಲಿ ಹುಡುಗರು ಕಲ್ಲಿನ ಕಂಬ ತಳ್ಳಿ ಬೀಳಿಸಿದ ವಿಡಿಯೋ ಓಡಾಡಿತ್ತಲ್ಲ, ಕೋರ್ಟು ದಂಡ ಹಾಕಿ ಅವರ ಕೈಯಲ್ಲೇ ಕಂಬ ಎತ್ತಿ ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ಮಾಧ್ವ ಯತಿ ವ್ಯಾಸರಾಜರ ಬೃಂದಾವನ, ಅಂದ್ರೆ ಸಮಾಧಿ, ಕೆಡವಿ ಹಾಕಿದರು. ಕಂಬಕ್ಕೆ ಹಾನಿ ಅಂದರೆ ನಡೆಯುತ್ತೆ, ಮತ್ತೆ ಎತ್ತಿ ನಿಲ್ಲಿಸಿದರಲ್ಲ. ಬೃಂದಾವನಕ್ಕೆ ಹಾನಿ ಅಂದ್ರೆ ಸಾಲದು, ಅದು ಧ್ವಂಸ. ಭಕ್ತರ ಮನಸ್ಸಿಗೆ ಆದದ್ದು ಧಕ್ಕೆ, ಘಾಸಿ. ಒಂದೇ ರಾತ್ರಿ ನಡೆದದ್ದಕ್ಕೆ ಎಷ್ಟು ಪದ.

ಮುದಗಲ್ ಗ್ಯಾರೇಜ್:
ಜಖಂ ಬಿಟ್ಟಿರಿ ಎಲ್ಲರೂ. ನಮ್ಮ ದಿನದ ಅನ್ನ ಅದು. ಬಸ್ ಜಖಂ, ಟ್ರ್ಯಾಕ್ಟರ್ ಜಖಂ. ಫಾರ್ಸಿಯಲ್ಲಿ ಜಖಂ ಅಂದ್ರೆ ಮೈಮೇಲಿನ ಗಾಯ. ನಮ್ಮ ಅಂಗಡಿ ಹುಡುಗ ಮನೆಯಲ್ಲಿ ಉರ್ದು ಮಾತಾಡ್ತಾನೆ, ಅವನ ಮಾತಿನಲ್ಲಿ ಮನುಷ್ಯರು ಜಖ್ಮಿ ಆಗ್ತಾರೆ. ಕನ್ನಡಕ್ಕೆ ಬಂದ ಮೇಲೆ ಮನುಷ್ಯರನ್ನ ಬಿಟ್ಟು ಬಂಪರ್ ಹಿಡಿದಿದೆ. ವಿಮೆಯವರು ಬಂದರೆ ಜಖಂ ಅನ್ನಲ್ಲ, ಡ್ಯಾಮೇಜ್ ಅಂತಾರೆ. ಡ್ಯಾಮೇಜ್ ಅಂದ ಮೇಲೆ ದುಡ್ಡು ಕಮ್ಮಿ ಮಾಡ್ತಾರೆ ಅಂತ ಅರ್ಥ.

ಸಂಡೂರು ಕೆಂಧೂಳು:
ನಾನು ಹೇಳೋ ಪದ ಇದುವರೆಗೆ ಯಾರೂ ಹೇಳಿಲ್ಲ. ಬಾಧೆ.

ನಮ್ಮ ತಾಲೂಕಿನಲ್ಲಿ ಗಣಿಬಾಧಿತ ಪ್ರದೇಶ ಅನ್ನೋ ಮಾತು ಬೋರ್ಡಿನ ಮೇಲೆ, ಯೋಜನೆಯ ಕಾಗದದ ಮೇಲೆ, ಭಾಷಣದಲ್ಲಿ ಎಲ್ಲ ಕಡೆ ಇದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಹಂಚೋಕೆ ನೇರ ಬಾಧಿತ, ಪರೋಕ್ಷ ಬಾಧಿತ ಅಂತ ಊರುಗಳನ್ನೇ ಭಾಗ ಮಾಡಿದ್ದಾರೆ. ಗಣಿಹಾನಿ ಪ್ರದೇಶ ಅಂತ ಯಾಕೆ ಬರೆಯಲಿಲ್ಲ ಯೋಚನೆ ಮಾಡಿ. ಹಾನಿ ಒಂದು ದಿನ ಆಗುತ್ತೆ. ಆಲಿಕಲ್ಲು ಬಿತ್ತು, ಹಾನಿ ಆಯ್ತು, ತಾರೀಖು ಹೇಳಬಹುದು. ಬಾಧೆಗೆ ತಾರೀಖು ಇಲ್ಲ. ಲಾರಿ ಓಡಾಡೋ ದಾರಿ ಪಕ್ಕದ ಹೊಲದಲ್ಲಿ ಜೋಳದ ಗರಿ ಮೇಲೆ ಬೆರಳಿಟ್ಟು ಎಳೆದರೆ ಕೆಂಪು ಗೆರೆ ಮೂಡುತ್ತೆ, ಗರಿಯ ಹಸಿರು ಆ ಗೆರೆಯಲ್ಲಿ ಮಾತ್ರ ಕಾಣುತ್ತೆ. ಇವತ್ತು ಹಾನಿ ಆಯ್ತು ಅಂತ ಯಾವ ದಿನಕ್ಕೆ ಅರ್ಜಿ ಕೊಡಬೇಕು? 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗ ಕೆಲವು ಕಾಲ ಎಲೆ ಹಸಿರಾಗಿತ್ತು. ಆಮೇಲೆ ನಿಯಮ ಹಾಕಿ ಮತ್ತೆ ಶುರು ಆಯ್ತು.

ಕೃಷಿ ಇಲಾಖೆಯವರೂ ಕೀಟಬಾಧೆ, ರೋಗಬಾಧೆ ಅಂತಾರೆ ನೋಡಿ. ಕಾಯಿಕೊರಕ ದಿನಾ ತಿಂತಾ ಇರುತ್ತೆ, ಅದು ಬಾಧೆ. ಕಟಾವಿನ ದಿನ ಎಷ್ಟು ಕಮ್ಮಿ ಆಯ್ತು ಅಂತ ಅಳೆದರೆ ಹಾನಿ. ಮಾರಿದ ದಿನ ನಷ್ಟ.

ನನ್ನ ಕೋಪ ಏನಂದ್ರೆ, ಪರಿಹಾರದ ನಿಯಮಗಳೆಲ್ಲ ಹಾನಿಗೆ ಮಾತ್ರ. ದಿನಾ ಆಗೋದಕ್ಕೆ ಹೊಲದವನ ಕೈಗೆ ಏನೂ ಬರಲ್ಲ. ಖನಿಜ ಪ್ರತಿಷ್ಠಾನದ ದುಡ್ಡಲ್ಲಿ ರಸ್ತೆ, ಶಾಲೆ ಕೊಠಡಿ ಆಗುತ್ತೆ, ಬೇಡ ಅನ್ನಲ್ಲ. ಜೋಳಕ್ಕೆ ಏನು?

ಗಿಣಿಗೇರಿ ರೈಲ್ವೆ ಗೇಟು:
ನಮ್ಮ ಕಡೆಯೂ ಅದೇ ಕಥೆ, ಬಣ್ಣ ಮಾತ್ರ ಬೇರೆ. ನಿಮಗೆ ಗಣಿಯ ಕೆಂಪು, ನಮಗೆ ಕಾರ್ಖಾನೆಯ ಕಪ್ಪು. ಬೆಳಿಗ್ಗೆ ಅಂಗಳ ಗುಡಿಸಿದರೆ ಮೊರದಲ್ಲಿ ಕಪ್ಪು ಪುಡಿ. ಮನೆಯಲ್ಲಿ ಹೆಣ್ಣುಮಕ್ಕಳು ಇದಕ್ಕೆ ತ್ರಾಸು ಅಂತಾರೆ. "ಇದೊಂದು ತ್ರಾಸ ನೋಡ್ರಿ." ಬಾಧೆಗಿಂತ ಇದೇ ನಮ್ಮ ಬಾಯಿಗೆ ಹತ್ತಿರ.

ಸಂಡೂರು ಕೆಂಧೂಳು:
ತ್ರಾಸು ಸರಿ. ಆದ್ರೆ ತ್ರಾಸು ಅಂತ ಬರೆದ ಅರ್ಜಿಗೆ ಯಾರೂ ಸೀಲು ಹೊಡೆಯಲ್ಲ ಅಣ್ಣ.

ಎರೆಹೊಲ ಲಿಂಗಸುಗೂರು:
ತುಂಗಭದ್ರಾ ಡ್ಯಾಂ ಗೇಟಿನ ವಿಷಯ ಹೇಳಿ ನನ್ನ ಮಾತಿಗೆ ಬರ್ತೀನಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಅವತ್ತು ಡ್ಯಾಂಗೆ ಹಾನಿ ಅನ್ನಬಹುದು. ಗೇಟಿಗೆ ಹಾನಿ ಅನ್ನೋಕಾಗಲ್ಲ, ಗೇಟೇ ಇಲ್ಲ. ನೀರಿಗೆ ಹಾನಿಯೂ ಅಲ್ಲ, ನಷ್ಟವೂ ಅಲ್ಲ, ಪೋಲು. ಎಡದಂಡೆ ನಾಲೆಯ ಕೊನೇ ಭಾಗದವರಿಗೆ ಆ ವಾರ ನಿದ್ದೆ ಇರಲಿಲ್ಲ. ಅದಕ್ಕೆ ಯಾವ ಪದ ಅಂತ ಮೇಷ್ಟ್ರು ಹೇಳಬೇಕು. ಗೇಟಿನ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ (ನೀರು ತಡೆಯೋ ಅಡ್ಡ ಹಲಗೆ) ಇಳಿಸಿದ ಮೇಲೆ ಉಸಿರು ಬಂತು.

ಈಗ ಟೈಪಿಂಗ್ ತಮ್ಮನ ಅರ್ಜಿ. ಆ ಹಿರಿಯರ ಹತ್ತಿಗೆ ನಿಜವಾಗಿ ಏನಾಗಿದೆ? ಅದನ್ನ ಹೇಳಿಲ್ಲ ನೀವು.

ಸಿಂಧನೂರು ಟೈಪಿಂಗ್:
ಎರೆಹೊಲ, ಮಳೆನೀರು ಇಂಗದೆ ನಿಂತಿತ್ತು. ಕೆಳಗಿನ ಕಾಯಿ ಕೊಳೆತಿವೆ. ಮೇಲಿನ ಕಾಯಿ ಬಿಚ್ಚಿ ಹತ್ತಿ ತೊಯ್ದು ಬಣ್ಣ ಕೆಟ್ಟಿದೆ. ಬಿಡಿಸಿದರೆ ಹತ್ತಿ ಸಿಗುತ್ತೆ, ಆದ್ರೆ ಬೆಳ್ಳಗಿಲ್ಲ.

ಎರೆಹೊಲ ಲಿಂಗಸುಗೂರು:
ಹಾಗಿದ್ದರೆ ಒಂದು ಪದದಲ್ಲಿ ಮುಗಿಸಬೇಡಿ, ಅವರಿಗೆ ಆಗಿರೋದು ಎರಡು. ಕಾಯಿ ಕೊಳೆತದ್ದು ಹಾನಿ. ಬಣ್ಣ ಕೆಟ್ಟದ್ದು ಅವರಿಗೆ ನಷ್ಟ, ಆದ್ರೆ ಸರ್ಕಾರದ ಅಳತೆಯಲ್ಲಿ ಅದು ಹೆಚ್ಚುಕಡಿಮೆ ಕಾಣೋದೇ ಇಲ್ಲ.

ಯಾಕೆ ಅಂದ್ರೆ, ವಿಪತ್ತು ಪರಿಹಾರ ನಿಧಿಯಿಂದ ಕೊಡೋ ಇನ್‌ಪುಟ್ ಸಬ್ಸಿಡಿಗೆ (ಬೀಜ, ಗೊಬ್ಬರದ ಖರ್ಚಿನ ನೆರವು) ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿರಬೇಕು. 2015ಕ್ಕೆ ಮೊದಲು ಇದು ಶೇ 50 ಇತ್ತು. 2022ರ ನಿಯಮದ ಪ್ರಕಾರ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ತನಕ ಮಾತ್ರ. ರಾಜ್ಯ ಬೇಕಾದ್ರೆ ತನ್ನ ಕಡೆಯಿಂದ ಸೇರಿಸುತ್ತೆ. ಇಲ್ಲಿ ಯಾರೂ ನಿಮಗೆ ಎಷ್ಟು ರೂಪಾಯಿ ಹೋಯ್ತು ಅಂತ ಕೇಳೋದಿಲ್ಲ. ಹೊಲದಲ್ಲಿ ಎಷ್ಟು ಭಾಗ ಹೋಯ್ತು ಅಂತ ಕೇಳ್ತಾರೆ. ಅದಕ್ಕೇ ಆ ಕಾಗದದಲ್ಲಿ ಹಾನಿ ಅನ್ನೋ ಪದ. ಅಧಿಕಾರಿಗಳು ಕನ್ನಡ ಪ್ರೇಮಕ್ಕೆ ಲುಕ್ಸಾನು ಬೇಡ ಅಂತಾರೆ ಅಂದುಕೊಳ್ಳಬೇಡಿ. ಲುಕ್ಸಾನು ಅಂದ್ರೆ ಹೊಲದ್ದೋ ಕಿಸೆಯದ್ದೋ ಗೊತ್ತಾಗಲ್ಲ, ಅವರ ಫಾರ್ಮಿನಲ್ಲಿ ಹೊಲಕ್ಕೆ ಮಾತ್ರ ಜಾಗ ಇದೆ.

ಫಸಲ್ ಬಿಮಾ, ಅಂದ್ರೆ ಬೆಳೆ ವಿಮೆ, ಅದಕ್ಕಿಂತ ಬೇರೆ. ಅಲ್ಲಿ ಒಬ್ಬರ ಹೊಲ ನೋಡಿ ಕೊಡೋದು ಕಡಿಮೆ. ಪಂಚಾಯಿತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ತೂಗುತ್ತಾರೆ. ಹಿಂದಿನ 7 ವರ್ಷದಲ್ಲಿ ಒಳ್ಳೆಯ 5 ವರ್ಷದ ಸರಾಸರಿ ಹಿಡಿದು ಒಂದು ಮಿತಿ ಹಾಕಿರುತ್ತಾರೆ. ಅದಕ್ಕಿಂತ ಕಮ್ಮಿ ಬಂದರೆ ಇಡೀ ಪಂಚಾಯಿತಿಗೆ ದುಡ್ಡು, ಜಾಸ್ತಿ ಬಂದರೆ ಇಲ್ಲ. ತಕ್ಕಡಿಗೆ ಬಣ್ಣ ಕಾಣೋದಿಲ್ಲ. ಹೊಲದಲ್ಲಿ ನೀರು ನಿಂತದ್ದು, ಆಲಿಕಲ್ಲು ಬಿದ್ದದ್ದು ಇಂಥದ್ದಕ್ಕೆ ಮಾತ್ರ ಒಬ್ಬೊಬ್ಬರಾಗಿ ಅರ್ಜಿ ಕೊಡಬಹುದು, 72 ಗಂಟೆಯ ಒಳಗೆ ತಿಳಿಸಿರಬೇಕು. ಆ ಹಿರಿಯರದ್ದು ವಿಮೆ ಇದ್ದರೆ ಪದ ಹುಡುಕ್ತಾ ಕೂರಬೇಡಿ, ಮೊದಲು ಫೋನ್ ಮಾಡಿಸಿ.

ಇನ್ನು ಬಣ್ಣ ಕೆಟ್ಟ ಹತ್ತಿ. ಸಿಸಿಐ (ಭಾರತೀಯ ಹತ್ತಿ ನಿಗಮ) ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 12 ದಾಟಿದರೆ ತೆಗೆದುಕೊಳ್ಳಲ್ಲ. ಬಣ್ಣ ಹೋದದ್ದಕ್ಕೆ ಒಳ್ಳೆ ಹತ್ತಿಯ ದರ ಸಿಗೋದಿಲ್ಲ. ಕೊನೆಗೆ ರಾಯಚೂರಿನಲ್ಲೋ ಊರಿನ ದಲ್ಲಾಲಿಗೋ ಸಿಕ್ಕ ಬೆಲೆಗೆ ಕೊಡಬೇಕು. ಇದೇ ಆ ಹಿರಿಯರ ಲುಕ್ಸಾನು. ಅವರ ಕಣ್ಣಿಗೆ ಗಿಡದಲ್ಲಿ ಇನ್ನೂ ಹತ್ತಿ ಇದೆ. ಅದಕ್ಕೇ ಹಾನಿ ಅನ್ನೋಕೆ ಮನಸ್ಸು ಬಂದಿಲ್ಲ.

ಬಳ್ಳಾರಿ ಬಿಸಿಲು:
ಇಷ್ಟೆಲ್ಲ ತಿಳಿದುಕೊಂಡು ಅರ್ಜಿಯಲ್ಲಿ ಏನು ಬರೀಬೇಕು ಅಂತ ಒಂದು ಸಾಲು ಹೇಳಿಬಿಡಿ ಅಣ್ಣ.

ಎರೆಹೊಲ ಲಿಂಗಸುಗೂರು:
ಏನಾಯ್ತೋ ಅದನ್ನೇ ಬರೆಯಿರಿ. "ಇಂಥ ದಿನದ ಮಳೆಗೆ ಹೊಲದಲ್ಲಿ ಇಷ್ಟು ದಿನ ನೀರು ನಿಂತು ಕೆಳಗಿನ ಕಾಯಿಗಳು ಕೊಳೆತಿವೆ, ಬಿಚ್ಚಿದ ಹತ್ತಿ ತೊಯ್ದು ಬಣ್ಣ ಕೆಟ್ಟಿದೆ, ಬೆಳೆಯ ಅಂದಾಜು ಇಷ್ಟು ಭಾಗ ಹಾನಿಯಾಗಿದೆ." ಅಷ್ಟೇ. ಸ್ಥಳ ನೋಡೋಕೆ ಬರೋರಿಗೆ ಎಲ್ಲಿ ಬಗ್ಗಿ ನೋಡಬೇಕು ಅಂತ ಇದರಿಂದ ಗೊತ್ತಾಗುತ್ತೆ. ಬರೀ "ಭಾರೀ ಹಾನಿ" ಅಂತ ಬರೆದರೆ ರಸ್ತೆ ಮೇಲೆ ನಿಂತು ಹೊಲ ಹಸಿರಾಗಿದೆಯಲ್ಲ ಅಂತ ಹೋಗಿಬಿಡ್ತಾರೆ.

ಕರಿಕೋಟು ಕೊಪ್ಪಳ:
ಇದಕ್ಕೊಂದು ಸೇರಿಸಿ. ಹಿರಿಯರು ಲುಕ್ಸಾನು ಅಂತಲೇ ಹೇಳಿದ್ದರೆ ಅವರ ಹೇಳಿಕೆಯ ಭಾಗದಲ್ಲಿ ಹಾಗೇ ಬಿಡಿ, ತಿದ್ದಬೇಡಿ. ಹೇಳಿಕೆ ಅವರ ಮಾತು. ಅಂದಾಜಿನ ಸಾಲಿನಲ್ಲಿ ಮಾತ್ರ ಹಾನಿ ಇರಲಿ. ನಾಳೆ ಯಾರಾದರೂ ನೀವು ಹೀಗೆ ಹೇಳಿದ್ದೀರಾ ಅಂತ ಕೇಳಿದರೆ ಅವರಿಗೆ ತಮ್ಮ ಮಾತು ಗುರುತು ಸಿಗಬೇಕು.

ಮೈಸೂರಿನವ:
ಇದು ನನಗೂ ಇಷ್ಟ ಆಯ್ತು. ಆದ್ರೆ ಸಾಹಿತ್ಯದಲ್ಲಿ ಬರೆಯುವಾಗ ನಾನು ಕೇಡು ಅಂತಲೇ ಬರೆಯೋದು, ಮೇಷ್ಟ್ರು ಕಡೆ ನನ್ನ ಓಟು.

ಸಿರುಗುಪ್ಪ ಮೆಣಸಿನಕಾಯಿ:
ಬರೀರಿ ಸರ್. ಮಳೆಯ ಮೇಲೆ ಮಾತ್ರ ಕೇಡು ಹೊರಿಸಬೇಡಿ, ಮುಂದಿನ ವರ್ಷ ಬರಲ್ಲ ಅಂದೀತು!

ಯಲಬುರ್ಗಾ ಮಾಳಿಗೆ ಮನೆ:
ನಡುವೆ ಬಂದೆ, ನಂದೂ ಒಂದು ಕೇಳಿ. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗೆ ಪಡಸಾಲೆ ಗೋಡೆ ಅರ್ಧ ಕುಸಿದು ಎರಡು ಜಂತಿ ಕೆಳಗೆ ಬಂದಿವೆ. ಅಡುಗೆ ಮನೆ ನಿಂತಿದೆ. ಅರ್ಜಿಯಲ್ಲಿ ಮನೆ ಬಿದ್ದಿದೆ ಅಂತ ಬರೆಸಬೇಕಾ, ಗೋಡೆ ಬಿದ್ದಿದೆ ಅಂತ ಬರೆಸಬೇಕಾ? ಪಕ್ಕದ ಮನೆಯವರು ಮನೆ ಬಿದ್ದಿದೆ ಅಂತ ಬರೆಸಿ ಅಂತಾರೆ.

ಎರೆಹೊಲ ಲಿಂಗಸುಗೂರು:
ಪಕ್ಕದವರ ಮಾತು ಕೇಳಬೇಡಿ ತಾಯಿ. ಮನೆ ಹಾನಿಗೆ 2019ರ ನೆರೆಯಿಂದ ಎ, ಬಿ, ಸಿ ಅಂತ ವರ್ಗ ಮಾಡ್ತಾರೆ, ಎಷ್ಟು ಭಾಗ ಹೋಗಿದೆ ಅನ್ನೋದರ ಮೇಲೆ. ಮನೆ ಬಿದ್ದಿದೆ ಅಂತ ಬರೆದು ನಿಂತ ಅಡುಗೆ ಮನೆ ತೋರಿಸಿದರೆ ಅರ್ಜಿಯೇ ಸುಳ್ಳು ಅಂತಾರೆ. "ಪಡಸಾಲೆಯ ಗೋಡೆ ಕುಸಿದು ಜಂತಿ ಕಳಚಿದೆ, ಉಳಿದ ಭಾಗ ವಾಸಕ್ಕೆ ಅಪಾಯ" ಅಂತ ಬರೆಸಿ. ಬಿದ್ದ ಮಣ್ಣು ತೆಗೆಯೋ ಮೊದಲು ಫೋಟೋ ಹೊಡೆಯಿರಿ, ಮನೆಯ ನಂಬರ್ ಫೋಟೋದಲ್ಲಿ ಕಾಣಲಿ. ಇವತ್ತು ರಾತ್ರಿ ಆ ಮನೆಯಲ್ಲಿ ಮಲಗಬೇಡಿ.

ಯಲಬುರ್ಗಾ ಮಾಳಿಗೆ ಮನೆ:
ಫೋಟೋ ಹೊಡೆದಿದ್ದೇನೆ ಅಣ್ಣಾ. ರಾತ್ರಿಗೆ ಅಕ್ಕನ ಮನೆಗೆ ಹೋಗ್ತೀವಿ.

ಸಿಂಧನೂರು ಟೈಪಿಂಗ್:
ಅರ್ಜಿಗೆ ಪಹಣಿ ಬೇಡ ಇದಕ್ಕೆ, ಮನೆ ತೆರಿಗೆ ರಸೀದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಟುಕೊಳ್ಳಿ ಅಕ್ಕಾ. ಪಾಸ್‌ಬುಕ್‌ನಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ, ಒಂದು ಅಕ್ಷರ ಆಚೆ ಈಚೆ ಆದರೂ ದುಡ್ಡು ನಿಲ್ಲುತ್ತೆ.